ಎದುರುಬದುರು ಬಾಗಿಲುಗಳ ಬೈಬೀನ್

ಗಾಳಿ ದಿಕ್ಕು ಬದಲಿಸುವ ಮೊದಲೇ ಅದು ಬೈಬೀನಳ ಮೂಗಿಗೆ ತಿಳಿಯುತ್ತಿತ್ತು. ಪ್ರತಿದಿನ ಬೆಳಗ್ಗೆ, ಸತ್ತ ಗಂಡನ ಕರಿಯ ಕೋಟನ್ನು ಸೊಂಟಕ್ಕೆ ಹುಲ್ಲಿನ ಹಗ್ಗದಿಂದ ಬಿಗಿದುಕೊಂಡು, ಒಲೆಮನೆಯ ಎದುರುಬದುರು ಬಾಗಿಲುಗಳ ನಡುವೆ ದಂಡನಾಯಕನಂತೆ ನಿಂತು, ಆ ನೀಳ ನಾಸಿಕವನ್ನು ಒಮ್ಮೆ ಮೂಡಣಕ್ಕೂ ಒಮ್ಮೆ ಪಡುವಣಕ್ಕೂ ತಿರುಗಿಸಿ, ಗಾಳಿ ಬೀಸದ ಕಡೆಯ ಬಾಗಿಲಿಗೆ ತೆರೆದುಕೊಳ್ಳುವ ಅಪ್ಪಣೆ ಕೊಡುತ್ತಿದ್ದಳು. ನಲವತ್ತು ವರ್ಷ ಹೀಗೆ ಅತ್ತಿಂದಿತ್ತ ಸರಿದಾಡಿ ಅವಳದು ಏಡಿಯ ನಡಿಗೆಯಾಗಿತ್ತು. ಬಂದವರು ಬಂದ ಬಾಗಿಲಲ್ಲೇ ಹೋಗಬೇಕು, ಇನ್ನೊಂದರಲ್ಲಿ ಹೋದರೆ ಮನೆಯ ಅದೃಷ್ಟವೂ ಅವರ ಬೆನ್ನುಹತ್ತಿ ಹೊರಟುಬಿಡುತ್ತದೆ ಎಂಬುದು ಆ ಕಡಲಂಚಿನ ಕಾನಮಾರಾ ಸೀಮೆಯ ಕೂಸಿಗೂ ಗೊತ್ತು. ಬೈಬೀನ್ ಮಾತ್ರ ಪಾದ್ರಿಯನ್ನೂ ಭುಜ ಹಿಡಿದು ತಿರುಗಿಸಿ ಕಳಿಸಿದವಳು.

ಒಂದು ಮಧ್ಯಾಹ್ನ ಹಳ್ಳದಾಚೆಯ ಫೆಸ್ಟಿ ಪಡುವಣ ಬಾಗಿಲಿನಿಂದ ನುಗ್ಗಿದ.

"ಬೈಬೀನಕ್ಕ, ನಿನ್ ಮೇಕೆ ನನ್ ಮನೆ ಸೂರಿನ ಹುಲ್ಲೇ ಮೇಯ್ದುಬಿಡ್ತು!"

"ಮೇಕೆ ಬಾಯಿಗೆ ಎಟುಕೋ ಹಾಗೆ ಮನೆ ಕಟ್ಟಿದ್ದು ಯಾರು? ನಿಮ್ಮಪ್ಪ ತಾನೆ?"

ಜಗಳ ಅಪ್ಪಂದಿರಿಂದ ಅಜ್ಜಂದಿರಿಗೆ ಏರುವಷ್ಟರಲ್ಲಿ ಗಾಳಿ ತಿರುಗಿತು. ಪಡುವಣ ಕಡಲಿನಿಂದ ಬಿರುಗಾಳಿ ಅಪ್ಪಳಿಸಿತು. ಬೈಬೀನ್ ಪಡುವಣ ಬಾಗಿಲಿಗೆ ಅಗುಳಿ ಹಾಕಿದಳು. ತಲೆಯ ಮೇಲೆ ಹುಲ್ಲಿನ ಸೂರು ರೆಕ್ಕೆಯಂತೆ ಬಡಿದುಕೊಳ್ಳತೊಡಗಿತು. ಅದನ್ನು ಬಿಗಿದಿದ್ದ ಹಗ್ಗವೊಂದು ಹರಿದಿತ್ತು. ಫೆಸ್ಟಿ ಜಗಳ ಮರೆತು, ಸೂರು ಬಿಗಿಯಲೆಂದು ಮೂಡಣ ಬಾಗಿಲತ್ತ ಧಾವಿಸಿದರೆ, ಬೈಬೀನ್ ಒಲೆಯ ಇಕ್ಕಳ ಹಿಡಿದು ಅಡ್ಡ ನಿಂತಳು.

"ಬಂದ ಬಾಗಿಲಲ್ಲೇ ಹೋಗೋ!"

"ಅದನ್ನ ತೆಗೆದ್ರೆ ಗಾಳಿ ಒಳಗೆ ಹೊಕ್ಕು ಸೂರನ್ನೇ ಹೊತ್ಕೊಂಡು ಹೋಗತ್ತೆ, ಮಾರಾಯ್ತಿ!"

"ಇದನ್ನ ತೆಗೆದ್ರೆ ನೀನು ಅದೃಷ್ಟ ಹೊತ್ಕೊಂಡು ಹೋಗ್ತೀಯ."

ಸೂರೋ, ಅದೃಷ್ಟವೋ? ಏಣಿ ಹತ್ತುವ ವಯಸ್ಸು ಅವಳಿಗೆ ಎಂದೋ ದಾಟಿತ್ತು. ಮೂಗಿನ ತುದಿಯನ್ನೊಮ್ಮೆ ತಿಕ್ಕಿಕೊಂಡಳು.

"ಷರಾಯಿ ಬಿಚ್ಚಿಡು."

"ಏನಂದೆ?"

"ಷರಾಯಿ ಬಿಟ್ಟು ಯಾವ ಗಂಡಸೂ ಮನೆಯಿಂದ ಹೊರಡಲ್ಲ. ಅದು ಒಳಗಿದ್ರೆ ನೀನೂ ಒಳಗಿದ್ದ ಹಾಗೇ. ಬೇಗ! ನಿನ್ ಮೊಣಕಾಲು ನೋಡೋ ಆಸೆ ನಂಗೇನಿಲ್ಲ."

ಹೀಗೆ, ಶಾಸ್ತ್ರೋಕ್ತವಾಗಿ ಒಲೆಯ ಪಕ್ಕದಲ್ಲೇ ಇದ್ದ ಫೆಸ್ಟಿ, ಮೂಡಣ ಬಾಗಿಲಿನಿಂದ ಹೊರಬಿದ್ದು, ಅಂಗಿಯ ತುದಿ ವಿಜಯಧ್ವಜದಂತೆ ಪಟಪಟಿಸುತ್ತಿರಲು ಏಣಿಯೇರಿ, ಹೊಸ ಹಗ್ಗ ಬೀಸಿ, ಅದರ ತುದಿಗೆ ಕಲ್ಲು ಕಟ್ಟಿ ವೈರಿಯ ಸೂರನ್ನು ಉಳಿಸಿದ. ಮರಳಿ ಬಂದು, ಹಲ್ಲು ಕಟಕಟಿಸುತ್ತ ಎರಡು ಬೋಗುಣಿ ಮಜ್ಜಿಗೆ, ಏಳು ಆಲೂಗಡ್ಡೆ ಮುಗಿಸಿದ. ಸಂಜೆ ಗಾಳಿ ಅಡಗಿದ ಮೇಲೆ ಷರಾಯಿಸಮೇತನಾಗಿ ಪಡುವಣ ಬಾಗಿಲಿನಿಂದ ಗಂಭೀರವಾಗಿ ನಿರ್ಗಮಿಸಿದ.

ಸೂರೂ ಉಳಿಯಿತು, ಅದೃಷ್ಟವೂ ಉಳಿಯಿತು. ನಿಯಮ ಮುರಿದ ಧೀರರನ್ನು ಲೋಕ ಹಾಡಿ ಹೊಗಳುತ್ತದೆ. ಬೈಬೀನಳಂಥವರಿಗೆ ಅಂಥ ಹಾಡು ಬೇಕಿಲ್ಲ. ಅವರು ನಿಯಮದ ಒಂದು ಕೂದಲೂ ಕೊಂಕದಂತೆ ಕಾಪಾಡುತ್ತಾರೆ, ಅದಕ್ಕೆ ಪಕ್ಕದ ಮನೆಯವನ ಮಾನ ಎಷ್ಟು ಖರ್ಚಾದರೂ ಸರಿಯೇ.