ತಿಜೋರಿಯ ಸಪ್ಪಳ

೧೯೭೪ರ ಮಾತು. ಅಣ್ಣಿಗೇರಿಯ ಕಾಳಿನ ವ್ಯಾಪಾರಿ ಶಂಭುಲಿಂಗಪ್ಪ ಹೆಂಡತಿ ನೀಲಕ್ಕನ ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟನ್ನು ತಿಜೋರಿಯಲ್ಲಿಟ್ಟಿದ್ದ. ಸೋಮವಾರ ಶಿಕ್ಷಕಿಯರ ತರಬೇತಿಗೆ ಸಂದರ್ಶನವಿತ್ತು. ಸರ್ಟಿಫಿಕೇಟ್ ಇಲ್ಲದೆ ಹೋಗುವಂತಿರಲಿಲ್ಲ. ಕೇಳಿದರೆ, “ರೊಟ್ಟಿ ಬಡಿಯಾಕ ಸರ್ಟಿಫಿಕೇಟ್ ಯಾಕ ಬೇಕಲೇ?” ಎಂದು ನಕ್ಕಿದ್ದ.

ತಿಜೋರಿಗೆ ಕೀಲಿಕೈ ಇರಲಿಲ್ಲ, ಅಂಕಿಗಳ ಚಕ್ರವಿತ್ತು. ತಿರುಗಿಸುವಾಗ ಅವನು ಯಾರಿಗೂ ಕಾಣದಂತೆ ಬೆನ್ನು ಅಡ್ಡ ಹಿಡಿಯುತ್ತಿದ್ದ. ಆದರೆ ಒಂದೊಂದು ಅಂಕಿ ದಾಟುವಾಗಲೂ ಚಕ್ರ ಟಕ್ ಎನ್ನುತ್ತಿತ್ತು, ಗೋಡೆಯ ಈಚೆಗೇ ಅಡಿಗೆಮನೆ. ಎರಡು ದಿನ ಎಣಿಸಿ ನೀಲಕ್ಕ ಏಳು, ಮೂರು ಎಂದು ಹಿಡಿದಳು. ಕೊನೆಯ ಅಂಕಿಯೊಂದು ಉಳಿಯಿತು.

ಮೂರನೆಯ ಬೆಳಿಗ್ಗೆ ಅತ್ತೆ ಗೌರಕ್ಕ ಒಲೆಯ ಮುಂದೆ ಬಂದು ಕುಳಿತಳು.

“ಅವ ತಿಜೋರಿ ತಗದಾಗೊಮ್ಮೆ ನಿನ್ನ ಕೈ ನಿಲ್ತಾವಲ್ಲ, ಯಾಕ?”

ರೊಟ್ಟಿ ಬಡಿಯುವ ಸಪ್ಪಳ ನಿಂತದ್ದೇ ತನ್ನನ್ನು ತೋರಿಸಿಕೊಟ್ಟಿತೆಂದು ನೀಲಕ್ಕನಿಗೆ ಆಗ ತಿಳಿಯಿತು.

ಗೌರಕ್ಕ ಹಿಟ್ಟು ನಾದುವ ಕೊಣಮಿಗೆಯನ್ನು ತನ್ನ ಕಡೆ ಎಳೆದುಕೊಂಡಳು. “ನನಗ ತಿಳಿದದ್ದು ನಾಳೆ ಅವಗೂ ತಿಳೀತದ. ನಾ ಬಡೀತೀನಿ. ನೀ ಗ್ವಾಡಿಗೆ ಕಿವಿ ಹಚ್ಚು.”

ಆಚೆ ಚಕ್ರ ತಿರುಗಿತು. ಗೌರಕ್ಕನ ಕೈ ಒಮ್ಮೆಯೂ ನಿಲ್ಲಲಿಲ್ಲ.

ಕೊನೆಯ ಅಂಕಿ ಐದು.