ಡಾಕ್ಟರು ಬೈಯಲಿಲ್ಲ

ಹುಲೇಕಲ್ಲಿನ ನಾಗಪತಿಯ ಕೆನ್ನೆಯ ಒಳಗೆ ಬಿಳಿ ಮಚ್ಚೆ ಕಾಣಿಸಿಕೊಂಡಾಗ, ಎಲೆಯಡಿಕೆಯ ಕವಳಕ್ಕೆ ತಂಬಾಕು ಹಾಕುವುದನ್ನು ಪೂರ್ತಿ ಬಿಡಬೇಕೆಂದು ಶಿರಸಿಯ ಡಾಕ್ಟರು ಹೇಳಿದರು. ಬಿಡುತ್ತೇನೆಂದು ಅವನು ಹೆಂಡತಿ ಪರಿಮಳಾಳಿಗೆ ಮಾತು ಕೊಟ್ಟ. ಅವಳು ದಿನವೂ ಬೆಳಿಗ್ಗೆ ಅವನ ಕಿಸೆಗೆ ಲವಂಗದ ಪೊಟ್ಟಣ ಇಡತೊಡಗಿದಳು. ಹನ್ನೊಂದು ದಿನ ಅವನು ನಿಜಕ್ಕೂ ಲವಂಗದಲ್ಲೇ ಕಳೆದ. ಹನ್ನೆರಡನೆಯ ದಿನ ಸೊಸೈಟಿಯಲ್ಲಿ ಯಾರೋ ಕವಳದ ಸಂಚಿ ಮುಂದೆ ಚಾಚಿದರು. ಇದೊಂದೇ ಸಲ ಎಂದುಕೊಂಡು ಹಾಕಿದ. ಆಮೇಲೆ ಅವಳು ಕೊಟ್ಟ ಲವಂಗ ತಂಬಾಕಿನ ವಾಸನೆ ಮುಚ್ಚುವುದಕ್ಕೆ ಬಳಕೆಯಾಯಿತು.

ಮೂರು ತಿಂಗಳಿಗೆ ಇಬ್ಬರೂ ಮತ್ತೆ ಡಾಕ್ಟರ ಮುಂದೆ ಕುಳಿತರು.

"ಒಂದು ದಿನಾನೂ ಮುಟ್ಟಲಿಲ್ಲ ಇವ್ರು, ಡಾಕ್ಟ್ರೇ," ಎಂದು ಪರಿಮಳಾ ಹೆಮ್ಮೆಯಿಂದ ಹೇಳಿದಳು.

ಡಾಕ್ಟರು ಟಾರ್ಚ್ ಹಿಡಿದು ಅವನ ಬಾಯಿ ನೋಡಿದರು. ದವಡೆಯ ಸಂದಿಯಲ್ಲಿ ಬೆಳಗಿನ ತಂಬಾಕಿನ ಚೂರು ಇನ್ನೂ ಇತ್ತು. ಅವರು ಅವನ ಮುಖವನ್ನೊಮ್ಮೆ ನೋಡಿ ಸುಮ್ಮನೆ ಟಾರ್ಚ್ ಆರಿಸಿದರು. ಬೈದಿದ್ದರೆ ಚೆನ್ನಾಗಿತ್ತು ಎಂದು ನಾಗಪತಿಗೆ ಅನಿಸಿತು.

"ಆನು ಬಿಟ್ಟಿದ್ನಿಲ್ಲೆ, ಪರಿಮಳಾ. ದಿನಾ ಹಾಕ್ತೆ," ಎಂದು ಒಪ್ಪಿಕೊಂಡ.

ಅವಳು ಅವನತ್ತ ತಿರುಗಲಿಲ್ಲ. ಮುಂದೆ ಯಾವತ್ತು ಕರೆತರಬೇಕೆಂದು ಡಾಕ್ಟರನ್ನು ಕೇಳಿ ಚೀಟಿ ತೆಗೆದುಕೊಂಡಳು. ವಾಪಸು ಬಸ್ಸಿನಲ್ಲಿ ಅವಳು ಕಿಟಕಿಯ ಬದಿಗೆ ಕುಳಿತಳು. ಪಕ್ಕದ ಸೀಟು ಖಾಲಿಯಿದ್ದರೂ ನಾಗಪತಿ ಊರು ಬರುವ ತನಕ ನಿಂತೇ ಬಂದ.