ಒರೆಸದೆ ಬಿಟ್ಟ ಹಾಲು

ಹೊಸ ಮನೆಯಲ್ಲಿ ಹಾಲುಕ್ಕಿಸಲು ಒಲೆಯೇ ಇರಲಿಲ್ಲ. ಘಾಟ್ಕೋಪರಿನ ಹಳೆಯ ಕಟ್ಟಡವನ್ನು ಕೆಡವಿ ಬಿಲ್ಡರ್ ಎಬ್ಬಿಸಿದ ಟವರಿಗೆ ಲಿಫ್ಟು ಬಂದಿತ್ತು, ನೀರು ಬಂದಿತ್ತು, ಪೈಪಿನ ಗ್ಯಾಸ್ ಮಾತ್ರ ಮುಂದಿನ ವಾರ, ಮುಂದಿನ ವಾರ ಎನ್ನುತ್ತ ಉಳಿದಿತ್ತು. ಸಿಲಿಂಡರ್ ತರಲು ಸೊಸೈಟಿ ಒಪ್ಪುತ್ತಿರಲಿಲ್ಲ. ಭಟ್ಟರು ಹೇಳಿದ ಮುಹೂರ್ತ ಗುರುವಾರ ಬೆಳಿಗ್ಗೆಯದು. ಅದು ಗ್ಯಾಸಿನವರ ದಾರಿ ಕಾಯುವಂಥದ್ದಲ್ಲ. ಕೊನೆಗೆ ಹಿತೇಶ್ ಹೊಸದಾಗಿ ತಂದಿದ್ದ ಮೈಕ್ರೋವೇವಿಗೇ ಅರಿಶಿನ ಕುಂಕುಮ ಹಚ್ಚಿ, ಅದರಲ್ಲೇ ಹಾಲುಕ್ಕಿಸುವುದು ಎಂದಾಯಿತು.

"ಕಂಚಿನ ಪಾತ್ರೆಯೇ ಆಗ್ಬೇಕು. ನನ್ನ ಅತ್ತೆ ಕೊಟ್ಟದ್ದು ಇದು," ಎಂದು ಹಿತೇಶನ ತಾಯಿ ದೇವಕ್ಕ ಪಾತ್ರೆಯನ್ನು ಎದೆಗೊತ್ತಿಕೊಂಡು ನಿಂತರು.

"ಇದರೊಳಗೆ ಲೋಹ ಇಡುವ ಹಾಗಿಲ್ಲ ಅತ್ತೆ. ಕಿಡಿ ಹಾರ್ತದೆ," ಎಂದಳು ಸೊಸೆ ವಿನೋದಿನಿ.

"ಇದೆಂತ ಒಲೆ ಮಾರಾಯ್ತಿ, ಪಾತ್ರೆ ಇಟ್ಟರೆ ಸಿಟ್ಟು ಬರುವುದು!"

ಗಾಜಿನ ಬೋಗುಣಿಗೆ ರಾಜಿಯಾಯಿತು. ಮನೆಯವರೆಲ್ಲ ಆ ಪುಟ್ಟ ಪೆಟ್ಟಿಗೆಯ ಬಾಗಿಲಿನ ಮುಂದೆ ಬಗ್ಗಿ ನಿಂತರು. ಒಳಗೆ ದೀಪದ ಬೆಳಕಿನಲ್ಲಿ ಬೋಗುಣಿ ಗಂಭೀರವಾಗಿ ತಿರುಗುತ್ತಿತ್ತು. ಹಾಲು ಮೊದಲು ಸುಮ್ಮನಿತ್ತು, ಆಮೇಲೆ ಅಂಚಿನಲ್ಲಿ ನಡುಗಿತು, ಮತ್ತೆ ಯಾರೂ ಅಂದುಕೊಳ್ಳದಷ್ಟು ಬೇಗ ಬುಸ್ಸೆಂದು ಎದ್ದು ಸುತ್ತಲೂ ಚೆಲ್ಲಿತು.

"ಪೂರ್ವಕ್ಕೆ ಉಕ್ಕಿತಾ? ಪೂರ್ವಕ್ಕೆ ಉಕ್ಕಿದರೆ ಒಳ್ಳೇದು," ದೇವಕ್ಕನಿಗೆ ಅದೇ ಆತಂಕ.

"ತಿರುಗ್ತಾ ಉಂಟಲ್ಲ ಅಕ್ಕಾ, ಎಂಟು ದಿಕ್ಕಿಗೂ ಉಕ್ಕಿತು. ಇನ್ನೆಂತ ಬೇಕು ನಿಂಗೆ?" ಎಂದರು ಅವರ ತಮ್ಮ ಸೋಮನಾಥ. ಗ್ರಾಂಟ್ ರೋಡಿನಲ್ಲಿ ಹೋಟೆಲು ನಡೆಸುವ ಅವರಿಗೆ ಹಾಲು ಉಕ್ಕುವುದೆಂದರೆ ಮಾಣಿಯನ್ನು ಬಯ್ಯುವ ಸಂದರ್ಭ ಅಷ್ಟೆ. ಎಲ್ಲರೂ ನಕ್ಕರು, ದೇವಕ್ಕನೂ ನಕ್ಕರು.

ವಿನೋದಿನಿ ಬಟ್ಟೆ ಒದ್ದೆ ಮಾಡಿ ತಂದಳು. ದೇವಕ್ಕ ಅವಳ ಕೈ ಹಿಡಿದು ನಿಲ್ಲಿಸಿದರು. "ಇವತ್ತು ಒರೆಸ್ಬಾರ್ದು. ಉಕ್ಕಿದ ಹಾಲು ಅಂದರೆ ಲಕ್ಷ್ಮಿ. ನಾಳೆ ಬಿಸಿಲು ಬಂದ ಮೇಲೆ ಒರೆಸುವುದು. ನಮ್ಮಲ್ಲಿ ಹಾಗೇ."

ವಿನೋದಿನಿ ರಸಾಯನಶಾಸ್ತ್ರ ಓದಿದವಳು. ಲ್ಯಾಬಿನ ಮೇಜಿನ ಮೇಲೆ ಒಂದು ಹನಿ ಬಿದ್ದರೂ ಅದು ಏನೆಂದು ನೋಡಿ ಆಗಲೇ ಒರೆಸುವುದು ಅವಳ ಕೈಗೆ ಅಂಟಿದ ಅಭ್ಯಾಸ. ಆದರೆ ಗೃಹಪ್ರವೇಶದ ದಿನ ಅತ್ತೆಯ ಮಾತು ಮೀರುವುದು ಯಾಕೆ ಎಂದುಕೊಂಡು ಬಟ್ಟೆಯನ್ನು ಮಡಿಸಿಟ್ಟಳು.

ಆ ವಾರ ಅವಳಿಗೆ ಅತ್ತೆಯ ಮನಸ್ಸು ಪ್ರಸನ್ನವಾಗಿರುವುದು ಬೇಕೂ ಇತ್ತು. ಸೋಮವಾರ ಅವಳು ವಿಕ್ರೋಳಿಯ ಬಣ್ಣದ ಕಾರ್ಖಾನೆಯೊಂದರ ಲ್ಯಾಬಿಗೆ ಕೆಲಸಕ್ಕೆ ಸೇರಬೇಕಿತ್ತು. ನಿಖಿತಾ ಹುಟ್ಟುವ ಮೊದಲು ಅಂಥದ್ದೇ ಕೆಲಸದಲ್ಲಿದ್ದವಳು. ಮಗು, ಮಾವನ ಕಾಯಿಲೆ, ಮನೆ ಬದಲಾವಣೆ ಎಂದು ವರ್ಷಗಳು ಸರಿದುಹೋಗಿದ್ದವು. ಇಷ್ಟು ಕಾಲ ಬಿಟ್ಟವಳನ್ನು ಮತ್ತೆ ಕರೆಯುವವರು ಸಿಗುವುದು ಸುಲಭವಲ್ಲ. ಕರೆದಿದ್ದರು. ಈಗ ಎಲ್ಲವೂ ನಿಂತಿದ್ದುದು ಒಂದೇ ಒಂದು ಏರ್ಪಾಡಿನ ಮೇಲೆ: ಮಧ್ಯಾಹ್ನ ಶಾಲೆಯಿಂದ ಬರುವ ನಿಖಿತಾಳಿಗೆ ಅಜ್ಜಿ ಊಟ ಬಿಸಿ ಮಾಡಿ ಕೊಡಬೇಕು, ತಾನೂ ಬಿಸಿಯಾಗಿ ಉಣ್ಣಬೇಕು.

ಗ್ಯಾಸ್ ಬಂದ ಮೇಲೂ ದೇವಕ್ಕ ಒಬ್ಬರೇ ಇರುವಾಗ ಅದನ್ನು ಹಚ್ಚುವ ಹಾಗಿರಲಿಲ್ಲ. ಟವರು ಏಳುವವರೆಗೆ ಬಾಡಿಗೆ ಮನೆಯಲ್ಲಿದ್ದಾಗ ಅವರು ಒಲೆಯ ಮೇಲೆ ಸಾರು ಇಟ್ಟು, ಮರೆತು, ಕೆಳಗೆ ಭಜನೆಗೆ ಹೋಗಿಬಿಟ್ಟಿದ್ದರು. ನೆರೆಮನೆಯ ಇಂದ್ರಾಬಾಯಿ ಹೊಗೆ ಕಂಡು ಓಡಿ ಬಂದು ಕರೆಯದಿದ್ದರೆ ಏನಾಗುತ್ತಿತ್ತೋ. ಆ ದಿನ ತಾಯಿ ಮಗ ಇಬ್ಬರೂ ಒಪ್ಪಿಕೊಂಡ ಕಟ್ಟುಪಾಡು ಅದು. ಹೊತ್ತು ಮುಗಿದರೆ ತಾನೇ ಆರಿಹೋಗುವ ಈ ಪೆಟ್ಟಿಗೆಯನ್ನು ಹಿತೇಶ್ ತಂದದ್ದು ಅದಕ್ಕಾಗಿಯೇ.

ಶುಕ್ರವಾರ ಬೆಳಿಗ್ಗೆ ಬಿಸಿಲು ಬಂದ ಮೇಲೆ ದೇವಕ್ಕ ತಾವೇ ತಿರುಗುವ ಗಾಜಿನ ತಟ್ಟೆಯನ್ನು ತೆಗೆದು ತೊಳೆದರು. ಕಣ್ಣಿಗೆ ಕಂಡ ಹಾಲು ಅದೇ. ಸಾಮಾನಿನ ಡಬ್ಬಗಳನ್ನು ಬಿಚ್ಚುವ ಗಡಿಬಿಡಿಯಲ್ಲಿ ವಿನೋದಿನಿ ಒಳಗೆ ಇಣುಕಲಿಲ್ಲ.

ಮಧ್ಯಾಹ್ನ ಸೋಮನಾಥರ ಹೋಟೆಲಿನಿಂದ ಬಂದ ಅನ್ನ ಸಾಂಬಾರನ್ನು ದೇವಕ್ಕ ಬೋಗುಣಿಗೆ ಹಾಕಿ, ಸೊಸೆ ಹೇಳಿಕೊಟ್ಟಂತೆ ಗುಂಡಿ ಒತ್ತಿದರು. ವಿನೋದಿನಿ ಒಳಕೋಣೆಯಲ್ಲಿ ಬಟ್ಟೆ ಜೋಡಿಸುತ್ತಿದ್ದಳು. ಅಷ್ಟರಲ್ಲಿ ಟಪ್, ಟಪ್ ಎಂದು ಸದ್ದು. ಹಿಂದೆಯೇ ಮಗಳ ಕೂಗು.

"ಅಮ್ಮಾ, ಜಲ್ದೀ ಬಾ! ಅಂದರ್ ಬಿಜಲೀ ಹೊಡೀತಾ ಇದೆ!"

ಓಡಿ ಬಂದು ನೋಡಿದರೆ, ಪೆಟ್ಟಿಗೆಯ ಬಲಗೋಡೆಯಲ್ಲಿ ಹಳದಿ ಕಿಡಿಗಳು ಸಿಡಿಯುತ್ತಿವೆ, ತೆಳ್ಳಗೆ ಹೊಗೆ. ದೇವಕ್ಕ ಒಂದು ಕೈಯಲ್ಲಿ ನೀರಿನ ಚೊಂಬು ಹಿಡಿದು ಇನ್ನೊಂದು ಕೈಯನ್ನು ಬಾಗಿಲಿನ ಹಿಡಿಗೆ ಹಾಕಿದ್ದರು.

"ತೆಗೀಬೇಡಿ!"

ಅತ್ತೆಯ ಮೇಲೆ ಅವಳು ದನಿ ಎತ್ತಿದ್ದು ಅದೇ ಮೊದಲು. ನುಗ್ಗಿ ಹೋಗಿ ನಿಲ್ಲಿಸುವ ಗುಂಡಿ ಒತ್ತಿದಳು, ಗೋಡೆಯ ಸ್ವಿಚ್ ಆರಿಸಿದಳು, ಪ್ಲಗ್ ಕಿತ್ತಳು. ಮುಚ್ಚಿದ ಬಾಗಿಲಿನ ಹಿಂದೆ ಹೊಗೆ ಸ್ವಲ್ಪ ಹೊತ್ತು ಸುತ್ತಾಡಿ ತಣ್ಣಗಾಯಿತು. ದೇವಕ್ಕ ಚೊಂಬನ್ನು ಕಟ್ಟೆಯ ಮೇಲಿಟ್ಟು, ಹೋಗಿ ಹೊರಗಿನ ಕೋಣೆಯಲ್ಲಿ ಕುಳಿತರು.

ಸಂಜೆ ಹಿತೇಶ್ ಬಂದವನೇ ಸ್ಕ್ರೂಡ್ರೈವರ್ ಹುಡುಕಿದ. "ಹಿಂದೆ ನಾಲ್ಕು ಸ್ಕ್ರೂ ಅಷ್ಟೇ ಯಾರ್. ಬಿಚ್ಚಿದರೆ ಎಲ್ಲಿ ಸುಟ್ಟಿದೆ ಅಂತ ಗೊತ್ತಾಗ್ತದೆ. ವಿಡಿಯೋ ಉಂಟು."

"ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರೊಳಗಿನ ಕೆಪಾಸಿಟರ್ ಕರೆಂಟ್ ಹಿಡಿದಿಟ್ಟುಕೊಂಡಿರ್ತದೆ. ಕೈ ತಾಗಿದರೆ ಜೀವಕ್ಕೇ ಅಪಾಯ. ಆ ಸ್ಕ್ರೂ ಬಿಚ್ಚುವುದು ನಮ್ಮ ಕೆಲಸ ಅಲ್ಲ."

ಅವಳ ದನಿ ಕೇಳಿ ಅವನು ಸ್ಕ್ರೂಡ್ರೈವರನ್ನು ಕೆಳಗಿಟ್ಟ. "ಹಾಗಾದ್ರೆ ಸೋಮವಾರದ್ದು ಸ್ವಲ್ಪ ಮುಂದೆ ಹಾಕು."

"ಅವರು ಕಾಯಲ್ಲ. ನೀವು ಬರದಿದ್ದರೆ ಇನ್ನೊಬ್ಬರಿದ್ದಾರೆ ಅಂತ ಮೊದಲೇ ಹೇಳಿದ್ದಾರೆ."

ಹೊರಗಿನ ಕೋಣೆಯಿಂದ ದೇವಕ್ಕನ ಮಾತು ಬಂತು. "ಹಾಲು ಉಕ್ಕಿಸಿದ ಜಾಗದಲ್ಲೇ ಬೆಂಕಿ ಕಂಡಿತು. ಇದು ಮನೆಗೆ ಒಳ್ಳೇದಲ್ಲ. ನಾನಂತೂ ಇನ್ನು ಅದನ್ನು ಮುಟ್ಟುವುದಿಲ್ಲ. ವಿನೋದಿನಿ ಮನೆಯಲ್ಲೇ ಇರಲಿ."

"ಬೇಕಾದರೆ ಇಂಡಕ್ಷನ್ ಒಲೆ ತರ್ತೇನೆ ಅಮ್ಮ."

"ಅದೂ ಕರೆಂಟಿನದ್ದೇ ಅಲ್ವಾ? ಬೇಡ."

ಹಿತೇಶ್ ಹೆಂಡತಿಯ ಮುಖ ನೋಡಿದ. ಅವನಿಗೆ ಅವಳು ಕೆಲಸಕ್ಕೆ ಹೋಗುವುದು ಬೇಡವೆಂದಿರಲಿಲ್ಲ. ಆದರೆ ತಾಯಿಯ ಹೆದರಿಕೆಯನ್ನು ತಳ್ಳಿಹಾಕುವ ಹಾಗೂ ಇರಲಿಲ್ಲ.

ವಿನೋದಿನಿ ಅಡುಗೆಮನೆಗೆ ಹೋದಳು. ಪ್ಲಗ್ ಕಿತ್ತೇ ಇದೆ ಎಂದು ನೋಡಿಕೊಂಡು ಬಾಗಿಲು ತೆರೆದು, ಮೊಬೈಲಿನ ಬೆಳಕು ಹಾಯಿಸಿದಳು. ಒಳಗಿನ ಬಲಗೋಡೆಯಲ್ಲಿ ಅಂಗೈ ಅಗಲದ ಒಂದು ತೆಳು ಹಾಳೆ. ಅಲೆಗಳು ಒಳಗೆ ಬರುವ ದಾರಿಗೆ ಮುಚ್ಚಳದ ಹಾಗೆ ಇರುವಂಥದ್ದು. ಅದರ ಮೇಲೆ ನಿನ್ನೆಯ ಹಾಲು ಇಳಿದು ಒಣಗಿ ಕೆನೆಬಣ್ಣದ ಗೆರೆಯಾಗಿತ್ತು. ಗೆರೆಯ ಕೊನೆಗೆ ಹುಣಸೆಬೀಜದಷ್ಟು ಜಾಗ ಸುಟ್ಟು ಕಪ್ಪಾಗಿತ್ತು.

ಕಾರಣ ಸಿಕ್ಕಿತು. ಒಣಗಿದ ಹಾಲು ಕಾದು ಕರಿಯಾಯಿತು; ಕರಿಯಾದ ಜಾಗ ಶಕ್ತಿಯನ್ನೆಲ್ಲ ತನ್ನ ಕಡೆಗೆ ಎಳೆದುಕೊಂಡು ಕಿಡಿ ಕಾರಿತು. ಇಷ್ಟು ಸರಳ. ಆದರೆ ಇದನ್ನು ಹೇಳುವುದು ಹೇಗೆ? ನೀವು ಒರೆಸಬಾರದು ಎಂದದ್ದರಿಂದಲೇ ಹೀಗಾಯಿತು ಎಂದರೆ ಅವಳ ಮಾತು ಗೆಲ್ಲುತ್ತದೆ, ಕೆಲಸ ಹೋಗುತ್ತದೆ. ತಪ್ಪು ಹೊರಿಸಿಕೊಂಡ ಮನುಷ್ಯರು ಆ ವಸ್ತುವಿನ ಹತ್ತಿರ ಮತ್ತೆ ಸುಳಿಯುವುದಿಲ್ಲ. ಹೇಳದೆ ಬಿಟ್ಟರೆ ಅಪಶಕುನ ಅಪಶಕುನವಾಗಿಯೇ ಉಳಿಯುತ್ತದೆ. ಬಹಳ ಹೊತ್ತು ಯೋಚಿಸಿ, ತಾನು ಏನನ್ನೂ ಹೇಳದೆ ಅವರಿಗೇ ತೋರಿಸುವುದು ಮೇಲು ಎಂದುಕೊಂಡಳು.

"ಅತ್ತೆ, ಒಂದು ಸಲ ಬಂದು ನೋಡಿ."

"ನಾನು ಬರುವುದಿಲ್ಲ."

"ಪ್ಲಗ್ ನಿಮ್ಮ ಕೈಯಲ್ಲೇ ಹಿಡ್ಕೊಳ್ಳಿ. ಆಗ ಹೆದರಿಕೆ ಉಂಟಾ?"

ದೇವಕ್ಕ ಗೊಣಗುತ್ತ ಎದ್ದು ಬಂದರು. ಪ್ಲಗ್ಗನ್ನು ಹಾವಿನ ತಲೆಯಂತೆ ಗಟ್ಟಿಯಾಗಿ ಹಿಡಿದುಕೊಂಡು ಒಳಗೆ ಬಗ್ಗಿದರು. ವಿನೋದಿನಿ ಬೆಳಕನ್ನು ಆ ಹಾಳೆಯ ಮೇಲೆ ನಿಲ್ಲಿಸಿದಳು. ದೇವಕ್ಕ ಕನ್ನಡಕ ಸರಿಪಡಿಸಿಕೊಂಡರು; ಉಗುರಿನಿಂದ ಗೆರೆಯನ್ನು ಕೆರೆದು ಮೂಗಿನ ಹತ್ತಿರ ಹಿಡಿದರು.

"ಇದು ಹಾಲು."

"ಹೌದು."

"ಸೀದ ಹಾಲು. ಬೆಂಕಿ ಬಂದದ್ದು ಇದರಿಂದಲಾ?"

"ಇದರಿಂದಲೇ. ಬೇರೆ ಎಂತದೂ ಅಲ್ಲ."

ದೇವಕ್ಕ ನೆಟ್ಟಗೆ ನಿಂತು ಸೊಸೆಯನ್ನು ನೋಡಿದರು. "ಅಂದರೆ ಕೊಳೆಯಾ?"

"ಕೊಳೆಯೇ ಅತ್ತೆ."

"ಥೂ! ಅಪಶಕುನ ಅಂತ ಮಧ್ಯಾಹ್ನದಿಂದ ಊಟ ಸೇರಲಿಲ್ಲ ನನಗೆ. ಕೊಳೆ ಆದರೆ ಎಂತ ಮಾಡ್ಬೇಕು ಅಂತ ನನಗೆ ಗೊತ್ತುಂಟು." ಅವರ ಮುಖದ ಬಿಗಿ ಸಡಿಲಿತು. ಬೆಂಕಿಗೆ, ಕರೆಂಟಿಗೆ, ದೈವಕ್ಕೆ ಅವರು ಹೆದರುತ್ತಿದ್ದರು, ಕೊಳೆಗೆ ಹೆದರಿದವರಲ್ಲ. ಕೊಳೆ ಎಂದು ತಿಳಿದದ್ದೇ ತಡ, ಸಿಂಕಿನ ಪಕ್ಕದ ನಾರಿಗೆ ಕೈ ಹಾಕಿದರು.

"ನಾರು ಬೇಡ, ಗೀರು ಬೀಳ್ತದೆ. ಮೆತ್ತನೆ ಬಟ್ಟೆ ಸಾಕು. ಈ ಹಾಳೆ ಸುಟ್ಟಿರೋದ್ರಿಂದ ಒರೆಸಿದರೂ ಮತ್ತೆ ಕಿಡಿ ಬರ್ತದೆ. ರಿಪೇರಿಯವರು ಬಂದು ಬೇರೆ ಹಾಕುವವರೆಗೆ ಹಚ್ಚುವುದು ಬೇಡ." ಬಟ್ಟೆಯನ್ನು ಅತ್ತೆಯ ಕೈಗೆ ಕೊಡುತ್ತ ಅವಳೆಂದಳು, "ಮಧ್ಯಾಹ್ನ ಕಿರುಚಿಬಿಟ್ಟೆ. ಬಾಗಿಲು ತೆಗೆದರೆ ಗಾಳಿ ಸಿಕ್ಕಿ ಉರಿ ಏಳ್ತಿತ್ತು, ಅದಕ್ಕೆ."

"ಕಿರುಚಿದ್ದು ಬಿಡು. ನಿನ್ನೆ ಒರೆಸ್ಬೇಡ ಅಂದೆನಲ್ಲ, ಆಗ ಯಾಕೆ ಕಿರುಚಲಿಲ್ಲ ನೀನು?"

ಇಬ್ಬರಿಗೂ ಒಟ್ಟಿಗೇ ನಗು ಬಂತು.

ಶನಿವಾರ ಕಂಪನಿಯವರು ಕಳಿಸಿದ ರಿಪೇರಿಯವನು ಶಾಹೀದ ಬಂದ. ವಿಜಯಪುರದ ಕಡೆಯವನು, ಮನೆಯಲ್ಲಿ ಕನ್ನಡ ಕೇಳಿ ಹಿಗ್ಗಿಹೋದ. ನಡೆದದ್ದನ್ನು ಕೇಳಿದ ಮೇಲೆ ಅವನ ನಗು ನಿಲ್ಲಲೇ ಇಲ್ಲ.

"ಇದರಾಗ ಹಾಲು ಉಕ್ಕಿಸಿದ್ರ್ಯಾ? ಕುಂಕುಮಾನೂ ಹಚ್ಚೀರಿ! ಅಜ್ಜೀ, ಕಂಪನಿಯವರಿಗೆ ಏನಂತ ಹೇಳ್ಲಿ ನಾ? ಪೂಜಾ ಮಾಡಿ ಕೆಡಿಸ್ಯಾರ ಅಂತ ಹೇಳ್ಲ್ಯಾ?"

"ಹಾಲು ಉಕ್ಕಿಸಿ ಕೆಡಿಸಿದ್ದಾರೆ ಅಂತ ಬರಿ. ಪೂಜೆಯ ಹೆಸರು ತೆಗೀಬೇಡ," ಎಂದರು ದೇವಕ್ಕ. ಅವನು ಹೊಸ ಹಾಳೆ ಕೂರಿಸುವಾಗ ಪಕ್ಕದಲ್ಲೇ ನಿಂತು ನೋಡಿದರು. "ಇದು ಕಾಗೆಬಂಗಾರ ಅಲ್ವಾ? ನಮ್ಮ ಹಳೆ ಇಸ್ತ್ರಿ ಪೆಟ್ಟಿಗೆಯಲ್ಲೂ ಇತ್ತು."

"ಅದಽ ರೀ. ಬಾಗಿಲಾನೂ ನೋಡೀನಿ, ಗಟ್ಟಿ ಕೂಡ್ತದ. ಅದು ಸಡ್ಲಾದ್ರ ಮಾತ್ರ ಹಚ್ಚಬ್ಯಾಡ್ರಿ, ಕರೀರಿ."

ಭಾನುವಾರ ವಿನೋದಿನಿ ಅಡುಗೆಮನೆಯ ಬಾಗಿಲಲ್ಲಿ ಕೈಕಟ್ಟಿ ನಿಂತಳು, ಮಾಡುವುದೆಲ್ಲ ಅತ್ತೆಯೇ. ದೇವಕ್ಕ ಒಂದು ಬೋಗುಣಿ ನೀರಿಗೆ ನಿಂಬೆಹೋಳು ಹಾಕಿ, ಅದರಲ್ಲಿ ಒಂದು ಮರದ ಚಮಚವನ್ನೂ ಇಟ್ಟರು. ಬರೀ ನೀರು ಕುದಿಯದಂತೆ ನಟಿಸುತ್ತ ಮಿತಿಮೀರಿ ಕಾಯುತ್ತದೆ, ಮುಟ್ಟಿದೊಡನೆ ಮೈಮೇಲೆ ಸಿಡಿಯುತ್ತದೆ ಎಂದು ಸೊಸೆ ಹೇಳಿದ್ದು ಅವರಿಗೆ ಹಿಡಿಸಿತ್ತು. "ಕೆಲವು ಮನುಷ್ಯರೂ ಹಾಗೇ," ಎಂದಿದ್ದರು. ಗುಂಡಿಯ ಮೇಲೆ ಬೆರಳು ಸ್ವಲ್ಪ ಹೊತ್ತು ತಡೆಯಿತು.

"ಅದರ ಕಿರಣ ಹೊರಗೆ ಬರುವುದಿಲ್ಲ ಅಲ್ವಾ?"

"ಬಾಗಿಲಲ್ಲಿ ಜಾಲರಿ ಕಾಣ್ತದಲ್ಲ. ಅಲೆ ಅರ್ಧ ಗೇಣು ಉದ್ದ, ತೂತು ಸಾಸಿವೆಯಷ್ಟು. ಹೇಗೆ ನುಸುಳ್ತದೆ? ಬಾಗಿಲು ತೆಗೆದರೆ ತಾನೇ ನಿಲ್ತದೆ."

ದೇವಕ್ಕ ಗುಂಡಿ ಒತ್ತಿದರು. ಪೆಟ್ಟಿಗೆ ಗುನುಗಿತು. ನಿಂತ ಮೇಲೆ ತುಸು ಕಾದು, ಬಾಗಿಲು ತೆರೆದು, ಹಬೆಯಲ್ಲಿ ಮೆತ್ತಗಾದ ಗೋಡೆಗಳನ್ನು ಮೂಲೆ ಮೂಲೆಯೂ ಬಿಡದೆ ಒರೆಸಿದರು. ದೇವರ ಮಂಟಪವನ್ನು ಅವರು ಒರೆಸುವ ರೀತಿ ಅದೇ.

ಸೋಮವಾರ ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ವಿಕ್ರೋಳಿಗೆ ಹೋಗಿ ಇಳಿದ ವಿನೋದಿನಿಗೆ ಬೆಳಗಿನ ಹೊತ್ತೆಲ್ಲ ಗುರುತಿನ ಚೀಟಿ, ಕೋಟು, ಹೊಸ ಮುಖಗಳು ಎಂದು ಕಳೆಯಿತು. ಬಾಟಲಿಗಳ ವಾಸನೆ ಮಾತ್ರ ಹಳೆಯದೇ. ಮೂಗಿಗೆ ಬಡಿದಾಗ ಕಣ್ಣು ತೇವವಾದದ್ದು ಆ ವಾಸನೆಯಿಂದಲೇ ಎಂದು ಪಕ್ಕದವಳಿಗೆ ಹೇಳಿದಳು. ಮಧ್ಯಾಹ್ನವಾಗುತ್ತ ಬಂದಂತೆ ಕೈ ಮತ್ತೆ ಮತ್ತೆ ಫೋನಿನ ಕಡೆಗೆ ಹೋಗುತ್ತಿತ್ತು. ತಾನಾಗಿ ಮಾಡಬಾರದು ಎಂದುಕೊಂಡಳು. ಕೊನೆಗೆ ಅದೇ ಬಡಿದುಕೊಂಡಿತು. ಮನೆಯಿಂದ. ಅವಳು ಕಾರಿಡಾರಿಗೆ ಓಡಿದಳು.

"ಎಂತಾಯ್ತು ಅತ್ತೆ?"

"ಎಂತಾಗುವುದು? ನಿನ್ನ ಗಂಡ ಬೆಳಿಗ್ಗೆ ಉಪ್ಪಿಟ್ಟು ಮುಚ್ಚದೆ ಬಿಸಿ ಮಾಡಿ ಹೋಗಿದ್ದಾನೆ. ಒಳಗೆಲ್ಲ ಸಿಡಿದುಂಟು. ಸಂಜೆ ಬರಲಿ ಅವನು, ಉಂಟು ಅವನಿಗೆ!"

"ಈಗ?"

"ಈಗ ಎಂತ, ಒರೆಸಿದೆ. ಒರೆಸದೆ ನಾನು ಅದಕ್ಕೆ ಅನ್ನ ಇಡುವುದಿಲ್ಲ. ನಿಖಿತಾ ಭೂಕ್ ಲಗೀ ಅಂತ ಕುಣೀತಾ ಇದ್ದಳು, ಸ್ವಲ್ಪ ತಡ್ಕೊ ಅಂದೆ. ಈಗ ಉಣ್ತಾ ಇದ್ದಾಳೆ. ನಾನೂ ಬಡಿಸಿಕೊಂಡೆ, ಬಿಸಿ ಉಂಟು." ಆಚೆಯಿಂದ ತಟ್ಟೆಯ ಸದ್ದು ಕೇಳಿಸಿತು. "ನೀನು ಉಂಡೆಯಾ? ಇಲ್ವಾ? ಹೋಗು, ಉಣ್ಣು ಮೊದಲು. ಇಡ್ತೇನೆ, ನನ್ನದು ಆರ್ತದೆ."